ಆ ಶನಿವಾರ ಅಜ್ಜಿ ಸಾಯಬೇಕಿತ್ತು

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತಾ, "ಬೇಜಾರು ಮಾಡ್ಕೋಬೇಡಿ ಮೇಡಂ, ಈ ಕೆಲಸದಲ್ಲಿ ಏನೂ ನಡೆಯೋದೇ ಇಲ್ಲ ಅಲ್ವಾ?" ಎಂದು ಕೇಳಿದಳು. "ಹೌದಮ್ಮ, ಧೂಳು ಹೊಡೆಯೋದು, ಸೀಲು ಒತ್ತೋದು, ಅಷ್ಟೇ," ಎಂದು ನಕ್ಕು ಕಳಿಸಿಕೊಟ್ಟೆ. ಅವಳು ಗೇಟು ದಾಟಿದ ಮೇಲೆ ಯಾಕೆ ಹಾಗೆ ಹೇಳಿದೆನೋ ಅನ್ನಿಸಿತು. ಆ ಕೆಲಸದಲ್ಲಿ ನಾನು ಬೆಚ್ಚಿಬಿದ್ದಷ್ಟು ಬದುಕಿನಲ್ಲಿ ಬೇರೆಲ್ಲೂ ಬೆಚ್ಚಿಬಿದ್ದಿಲ್ಲ. ಅವಳಿಗೆ, ಅವಳಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ವರ್ಗ ಎಲ್ಲಿಗಾಯಿತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಅಲ್ಲೇ ಇರಲಿ.

ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುವವಳು. ಹಾಗೆಂದು ಇಲ್ಲಿರುವುದೆಲ್ಲ ಹಾಗೇ ನಡೆಯಿತು ಎಂದುಕೊಳ್ಳಬೇಡಿ. ಏನೂ ಆಗದ ದಿನ ಎರಡು ಪುಟ ಬರೆದಿದ್ದೇನೆ; ಕೈಕಾಲು ನಡುಗಿದ ದಿನ ಒಂದೇ ಸಾಲು. ಉಳಿದದ್ದನ್ನು ನೆನಪಿನಿಂದ ತುಂಬುತ್ತಿದ್ದೇನೆ, ಮತ್ತು ನನ್ನ ನೆನಪಿಗೆ ಕಥೆ ಕಟ್ಟುವ ಚಪಲವಿದೆ ಎಂಬುದು ನನಗೆ ಗೊತ್ತು.

ಮೊದಲ ಜಾಗ ಹಳೇಬೀಡು. ಗ್ರಂಥಾಲಯದ ಕಿಟಕಿ ರಸ್ತೆಗೇ ಇತ್ತು. ಪ್ರವಾಸಿಗಳು ಮ್ಯೂಸಿಯಂ ಟಿಕೆಟ್ ಕೊಡುವ ಜಾಗ ಇದೇ ಎಂದುಕೊಂಡು ಕಂಬಿಯೊಳಗೆ ಕೈ ತೂರಿಸುತ್ತಿದ್ದರು. ಒಮ್ಮೆ ಬೇಸತ್ತು ಒಂದು ಕೈಗೆ ಹಳೆಯ ಮಾಸಪತ್ರಿಕೆ ಕೊಟ್ಟೆ. ಆ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ನ ತೋರ್ಸಿದ್ರೆ ಒಳಕ್ಕೆ ಬಿಡ್ತಾರೇನಮ್ಮ?" ಎಂದರು. ಆಮೇಲೆ ಬೇಲೂರು. ಅಲ್ಲಿ ಗೈಡುಗಳಿಗೆ ಫ್ರೆಂಚ್ ಸಂಭಾಷಣೆಯ ಪುಸ್ತಕ ಬೇಕಾಗಿತ್ತು, ಇದ್ದದ್ದು ಒಂದೇ ಪ್ರತಿ. ಇಬ್ಬರು ಜಗಳವಾಡಿ ಅದನ್ನು ಬ್ಲೇಡಿನಿಂದ ಉದ್ದಕ್ಕೆ ಎರಡು ಹೋಳು ಮಾಡಿ ಹಂಚಿಕೊಂಡರು. ಒಬ್ಬನ ಹತ್ತಿರ ಪ್ರಶ್ನೆಗಳು, ಇನ್ನೊಬ್ಬನ ಹತ್ತಿರ ಉತ್ತರಗಳು. ಒಂದು ಸೀಸನ್ ಪೂರ್ತಿ ಇಬ್ಬರೂ ಜೊತೆಯಾಗಿಯೇ ಓಡಾಡಬೇಕಾಯಿತು. ಪುಸ್ತಕವನ್ನು ಜನ ತಮಗೆ ಬೇಕಾದಂತೆ ಕತ್ತರಿಸಿಕೊಳ್ಳುತ್ತಾರೆ ಎಂದು ನಾನು ಆಗಲೇ ಕಲಿಯಬೇಕಿತ್ತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅರಸೀಕೆರೆಗೆ ಬಂದೆ. ನಾನು ಬರುವ ಮುಂಚೆಯೇ ಅಲ್ಲಿಗೆ ಅಮೆರಿಕದ ಯಾವುದೋ ದಾನಿಗಳು ಕಳಿಸಿದ ಹಳೆಯ ಇಂಗ್ಲಿಷ್ ಪುಸ್ತಕಗಳು ಎರಡು ಗೋಣಿಚೀಲದಲ್ಲಿ ಬಂದು ಬಿದ್ದಿದ್ದವು. ಬಹಳಷ್ಟು ಕಾದಂಬರಿಗಳು. ಬರೆದವರು ಮೆಕ್ಸಿಕೋ ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಮನೆಗಳ ಹೆಣ್ಣುಮಕ್ಕಳು. ನಾನು ಎಂ.ಎ.ಯಲ್ಲಿ ಓದಿದ ಇಂಗ್ಲಿಷ್ ಸಾಹಿತ್ಯದಲ್ಲಿ ಇಂಥವರು ಇದ್ದಾರೆಂಬ ಸುಳಿವೂ ಇರಲಿಲ್ಲ. ಮುಖಪುಟದಲ್ಲಿ ಕೆಂಪು ಹೂ, ಮೆಣಸಿನಕಾಯಿ, ಭುಜ ತೋರಿಸುವ ಹೆಂಗಸರು. ನನಗಿಂತ ಮುಂಚೆ ಇದ್ದವರು ಮೆಣಸಿನಕಾಯಿ ಚಿತ್ರವಿದ್ದ ಒಂದನ್ನು ಅಡುಗೆ ಪುಸ್ತಕಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ಈಗಿನಂತೆ ಕಂಪ್ಯೂಟರ್ ಇದ್ದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಅದನ್ನು ಮನೆಗೆ ತರಿಸಿಕೊಂಡವರು ಗಿರಿಜಮ್ಮ. ಕೊಬ್ಬರಿ ವ್ಯಾಪಾರದ ದೊಡ್ಡ ಮನೆಯ ಹಿರಿಸೊಸೆ. ಹಾರನಹಳ್ಳಿ ಹತ್ತಿರ ತೋಟ, ಪೇಟೆಯಲ್ಲಿ ಮಂಡಿ, ಮಠದಲ್ಲಿ ಮರ್ಯಾದೆ. ಮಗಳ ಕೈಲಿ ಪುಸ್ತಕ ತರಿಸಿ, ವಾರ ಕಳೆಯುವುದರೊಳಗೆ ತಾವೇ ಅದನ್ನು ಹಿಡಿದುಕೊಂಡು ಬಂದರು.

"ಏನ್ ಮೇಡಂ ಇದು? ಮೆಣಸಿನಕಾಯಿ ಹಾಕವ್ರೆ, ಒಂದು ಸಾರೂ ಇಲ್ಲ, ಪಲ್ಯನೂ ಇಲ್ವಂತಲ್ಲ. ನನ್ ಮಗಳು ಓದ್ತಾ ಕೂತವಳು ಅಳ್ತಾವ್ಳೆ!"

"ಅದು ಅಡುಗೆ ಪುಸ್ತಕ ಅಲ್ಲ ಗಿರಿಜಮ್ಮ, ಕಥೆ."

"ಅಳೋ ಅಂಥದ್ದು ಏನೈತೆ ಅದ್ರಲ್ಲಿ? ಹೇಳಿ, ಕೇಳಾನ."

ನಿಂತಲ್ಲೇ ಮೊದಲ ಅಧ್ಯಾಯ ಹೇಳಿದೆ. ಮಧ್ಯಾಹ್ನ ಗ್ರಂಥಾಲಯ ಮುಚ್ಚಿ ಸಂಜೆ ಮತ್ತೆ ತೆಗೆಯುವುದರ ನಡುವಿನ ಹೊತ್ತು ಅದು. ಪೇಪರ್ ಓದುವ ಗಂಡಸರು ಇರಲಿಲ್ಲ. ಮುಂದಿನ ಶನಿವಾರ ಗಿರಿಜಮ್ಮ ಇಬ್ಬರು ಓರಗಿತ್ತಿಯರನ್ನು ಕರೆತಂದರು. ಅವರು ಇನ್ನಷ್ಟು ಜನರನ್ನು ಕರೆತಂದರು. ಹೀಗೆ ಶನಿವಾರದ ಕಥೆ ಶುರುವಾಯಿತು. ಅಟೆಂಡರ್ ರಂಗಸ್ವಾಮಿ ಅರ್ಧ ಬಾಗಿಲು ಹಾಕಿ ಹೊರಗೆ ಕೂರುತ್ತಿದ್ದ. ಯಾರಾದರೂ ಗಂಡಸು ಬಂದರೆ, "ಒಳಗೆ ಸ್ಟಾಕ್ ನೋಡ್ತಾವ್ರೆ, ಆಮೇಲೆ ಬರ್ರೀ," ಎನ್ನುತ್ತಿದ್ದ.

ಪುಸ್ತಕದ ಹುಡುಗಿಯ ಹೆಸರು ಎಲೆನಾ. ಅವಳ ಅಪ್ಪ ಕೆಲಸ ಸಿಗಲೆಂದು ಹೆಸರು ಬದಲಾಯಿಸಿಕೊಂಡು, ಮನೆಯಲ್ಲಿ ತನ್ನ ಭಾಷೆ ಆಡಬಾರದೆಂದು ಕಟ್ಟಪ್ಪಣೆ ಮಾಡಿ, ಗಡಿಯ ನದಿಯಾಚೆ ಇರುವ ತನ್ನ ತಾಯಿ ಸತ್ತಿದ್ದಾಳೆ ಎಂದು ಮಕ್ಕಳಿಗೆ ಹೇಳಿರುತ್ತಾನೆ. ಎಲೆನಾಗೆ ಹಣ್ಣಿನ ತೋಟದ ಮಾಲೀಕನ ಮಗನ ಮೇಲೆ ಪ್ರೀತಿ. ಅಜ್ಜಿ ಬದುಕಿದ್ದಾಳೆಂದು ತಿಳಿದು ಹುಡುಕಿಕೊಂಡು ಹೋಗುತ್ತಾಳೆ. ಆ ಅಜ್ಜಿಯನ್ನು ಮದುವೆಗೆ ಕರೆತರುವುದೋ ಬೇಡವೋ ಎಂಬುದೇ ಕೊನೆಯವರೆಗಿನ ಪ್ರಶ್ನೆ.

ನಾನು ಇದನ್ನು ಹಾಗೇ ಹೇಳಲಿಲ್ಲ. ಓರಗಿತ್ತಿಯರು ಬಂದ ದಿನವೇ "ಟೋರ್ಟಿಯಾ ಅಂದ್ರೇನು ಮೇಡಂ?" ಎಂದು ಯಾರೋ ಕೇಳಿದ್ದರಿಂದ ಅದು ರೊಟ್ಟಿಯಾಯಿತು. ಆಮೇಲೆ ಎಲೆನಾ ಲೀಲಾ ಆದಳು. ಹಣ್ಣಿನ ತೋಟ ತೆಂಗಿನ ತೋಟವಾಯಿತು, ಅಪ್ಪ ರೈಲ್ವೆ ಗುಮಾಸ್ತನಾದ, ನದಿಯಾಚೆಯ ಊರು ಹಳೇಬೀಡಿನ ಆಚೆಯ ಒಂದು ಹಳ್ಳಿಯಾಯಿತು. ಕಥೆ ತಟ್ಟನೆ ಹತ್ತಿರ ಬಂತು. ಟಿವಿ ಧಾರಾವಾಹಿ ಬಿಟ್ಟು ಬಂದು ಕೂರುತ್ತಿದ್ದರು. ನನಗೋ ಹೆಮ್ಮೆ.

ಮೊದಲ ಪೆಟ್ಟು ಕೊಟ್ಟವರು ನನ್ನ ಮೇಲಧಿಕಾರಿ. ಯಾರೋ ದೂರು ಕೊಟ್ಟಿರಬೇಕು, ಒಂದು ಶನಿವಾರ ಜೀಪಿನಲ್ಲಿ ಬಂದಿಳಿದರು. ಸುತ್ತೋಲೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯ. ಮುಖಪುಟಗಳನ್ನು ನೋಡಿ, "ಏನ್ರೀ ಇವು, ಸರ್ಕಾರಿ ಲೈಬ್ರರೀಲಿ!" ಎಂದು ಖಾಕಿ ಕಾಗದದ ಹೊದಿಕೆ ಹಾಕಿಸಲು ಹೇಳಿದರು. ಹೆಂಗಸರು ಎದ್ದು ನಿಂತಿದ್ದರು. "ಕೂತ್ಕೊಳ್ಳಿ, ನಡೀಲಿ ನಡೀಲಿ," ಎಂದು ತಾವೂ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ನಾನು ತೊದಲುತ್ತಲೇ ಹೇಳಿದೆ. ಅವತ್ತು ಲೀಲಾ ಅಜ್ಜಿಯ ಮನೆಯ ಬಾಗಿಲು ತಟ್ಟುವ ಭಾಗ. ಮುಗಿದ ಮೇಲೆ ಜೀಪಿನವರೆಗೆ ಹೋದೆ. ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಅಂದಹಾಗೆ ಆ ಹುಡುಗಿ ಯಾವ ಜನ?"

"ಸಾರ್, ಅದು ಅಮೆರಿಕದ ಕಥೆ."

"ಗೊತ್ತು ಕಣ್ರೀ. ಆದ್ರೂ?"

ಜೀಪು ಹೋದ ಮೇಲೂ ಅಲ್ಲೇ ನಿಂತಿದ್ದೆ. ಲೀಲಾಗೆ ನಾನು ಊರು ಕೊಟ್ಟಿದ್ದೆ, ಅಪ್ಪನಿಗೆ ಉದ್ಯೋಗ ಕೊಟ್ಟಿದ್ದೆ, ಊಟಕ್ಕೆ ರೊಟ್ಟಿ ಕೊಟ್ಟಿದ್ದೆ. ಇಷ್ಟು ಕೊಟ್ಟ ಮೇಲೆ ಇನ್ನೊಂದನ್ನು ಕೇಳುವವರು ಕೇಳಿಯೇ ಕೇಳುತ್ತಾರೆ ಎಂಬುದು ಹೇಗೆ ತಲೆಗೆ ಬರಲಿಲ್ಲ?

ಕೊನೆಯ ಭಾಗ ಒಂದೇ ಉಳಿದಿದ್ದ ವಾರ ಗಿರಿಜಮ್ಮ ನನ್ನ ಮನೆಗೆ ಬಂದರು, ಒಬ್ಬರೇ. ಹೂ, ಹಣ್ಣು, ಒಂದು ಡಬ್ಬಿ ತುಂಬ ಕೊಬ್ಬರಿ ಮಿಠಾಯಿ. ದಿನಚರಿಯಲ್ಲಿ ಅವತ್ತು ಇಷ್ಟೇ ಇದೆ: "ಗಿ. ಬಂದಿದ್ದರು. ತಲೆ ಕೆಟ್ಟಿತು."

"ನಮ್ ಮಲ್ಲೇಶ ಆ ಹುಡುಗಿನೇ ಬೇಕು ಅಂತ ಹಟ ಹಿಡ್ದು ಕೂತವ್ನೆ ಮೇಡಂ," ಎಂದರು. ಮಲ್ಲೇಶ ಅವರ ಮಗ.

"ಯಾವ ಹುಡುಗಿ?"

"ಅಯ್ಯೋ, ನಿಮ್ ಲೀಲಾ!"

ನಾನು ನಕ್ಕೆ. ಅವರು ನಗಲಿಲ್ಲ.

"ಪುಸ್ತಕ ಮುಂದಿಟ್ಕೊಂಡು ನಮ್ಮೂರ ಸಮಾಚಾರ ಹೇಳ್ತಾ ಇದ್ದೀರ ಅಂತ ನಮಗೆ ಗೊತ್ತಾಗಲ್ವಾ? ಅಪ್ಪ ರೈಲ್ವೆ, ಹೆಸರು ಬದ್ಲಾಯಿಸ್ಕೊಂಡವ್ನೆ, ಹುಡುಗಿ ಓದ್ಕೊಂಡವ್ಳೆ, ಹುಡುಗಂದು ತೆಂಗಿನ ತೋಟ. ನಿಮ್ ಎದ್ರಿಗೇ ಕೂತ್ಕೊತಾಳಲ್ಲ, ಟೀಚರ್ ಸುಜಾತ. ಅವಳೇ ತಾನೆ?"

ಸುಜಾತ ಶನಿವಾರ ಬರುತ್ತಿದ್ದ ಪ್ರೈಮರಿ ಶಾಲೆಯ ಟೀಚರು. ತಂದೆ ಆನಂದ್ ರೈಲ್ವೆಯಲ್ಲಿದ್ದವರು. ಬೌದ್ಧರು ಎಂದಷ್ಟೇ ನನಗೆ ಗೊತ್ತಿತ್ತು. ಅವಳಿಗೂ ಮಲ್ಲೇಶನಿಗೂ ಏನಾದರೂ ಇದೆ ಎಂಬುದು, ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣದವರೆಗೆ ನನಗೆ ತಿಳಿದಿರಲಿಲ್ಲ. ಅಲ್ಲ ಗಿರಿಜಮ್ಮ, ಖಂಡಿತ ಅಲ್ಲ ಎಂದೆ. ಹೇಳಿದಷ್ಟೂ ಅವರಿಗೆ ನಂಬಿಕೆ ಬಲವಾಯಿತು.

"ಹುಡುಗಿ ಒಳ್ಳೇದು. ನಿಮ್ ಕಥೆ ಕೇಳ್ಕೇಳಿ ನಂಗೂ ಮನಸ್ಸು ಬಂದ್ಬಿಡ್ತು. ಬೌದ್ಧರು ಅಂತಾರೆ, ಅನ್ಲಿ. ಕೇಳ್ದೋರಿಗೆ ನಾವೂ ಅಷ್ಟೇ ಹೇಳಾನ. ಆದ್ರೆ ಆ ಅಜ್ಜಿ ಐತಲ್ಲ ಮೇಡಂ." ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮದುವೇಲಿ ಹುಡುಗಿ ಅಜ್ಜಿಗೆ ಗಂಡಿನ ತಾಯಿ ಸೀರೆ ಕೊಡ್ಬೇಕು. ನಮ್ಮ ಮನೇಲಿ ಅದು ಹಿಂದ್ಲಿಂದ ಬಂದದ್ದು. ಹೆಸರು ಕೂಗಿ ಕರೀತಾರೆ, ಇಡೀ ಚೌಲ್ಟ್ರಿ ನೋಡ್ತಾ ಇರ್ತದೆ, ನಾನು ಮಡಿಲಿಗೆ ಹಾಕಿ ಕಾಲು ಮುಟ್ಬೇಕು. ಹಳೇಬೀಡು ಕಡೆಯಿಂದ ಆ ಯಮ್ಮ ಬಂದು ಕೂತ್ರೆ ನಾನ್ ಏನ್ ಮಾಡ್ಲಿ?"

ನಾನು ಹೂ, ಹಣ್ಣನ್ನು ಎತ್ತಿ ಪಕ್ಕಕ್ಕಿಟ್ಟೆ.

"ಅದಕ್ಕೇ, ಈ ಶನಿವಾರ ಅಜ್ಜಿನ ಸಾಯಿಸ್ಬಿಡಿ."

"ಏನಂದ್ರಿ?"

"ಕಥೇಲಿ ಕಣ್ರೀ! ಕಾಯಿಲೆ ಬಂತು, ಸತ್ತೋಯ್ತು ಅಂತ ಹೇಳ್ಬಿಡಿ. ನಮ್ ಓರಗಿತ್ತೀರು ಕೇಳ್ತಾವ್ರೆ, ಅವ್ರಿಗೂ ಅದು ಸುಜಾತನ್ ಮನೆ ಅಂತ ಗೊತ್ತು. ನಿಮ್ ಬಾಯಿಂದ ಸತ್ತಳು ಅಂದ್ರೆ ಸತ್ತಂಗೇ. ಆಮೇಲೆ ಯಾರೂ ಕೇಳಲ್ಲ. ಆ ಯಮ್ಮ ಅವ್ರೂರಲ್ಲಿ ಚೆನ್ನಾಗಿರ್ಲಿ, ಯಾರು ಬೇಡ ಅಂದ್ರು?"

ಅವರು ಕೆಟ್ಟ ಹೆಂಗಸಲ್ಲ. ಅದೇ ನನ್ನನ್ನು ನಡುಗಿಸಿದ್ದು. ಮಿಠಾಯಿ ತಿನ್ನಿ ಎಂದು ಡಬ್ಬಿಯನ್ನು ನನ್ನ ಕಡೆಗೆ ತಳ್ಳುತ್ತಾ, ಒಬ್ಬ ಬದುಕಿರುವ ಮುದುಕಿಯನ್ನು ಎಲ್ಲರಿಗೂ ಅನುಕೂಲವಾಗುವ ಹಾಗೆ ಇಲ್ಲವಾಗಿಸಲು ಕೇಳುತ್ತಿದ್ದರು.

ಮರುದಿನ ಶಾಲೆ ಬಿಟ್ಟ ಮೇಲೆ ಸುಜಾತ ಗ್ರಂಥಾಲಯಕ್ಕೆ ಬಂದಳು. ಖಾಲಿ ಕುರ್ಚಿಗಳ ನಡುವೆ ನಿಂತು, ದನಿ ಎತ್ತದೆ ಕೇಳಿದಳು: "ಮೇಡಂ, ನಮ್ಮಜ್ಜಿ ವಿಷಯ ನಿಮಗೆ ಯಾರು ಹೇಳಿದ್ರು?"

ಅವಳಿಗೆ ನಿಜವಾಗಿಯೂ ಒಬ್ಬ ಅಜ್ಜಿ ಇದ್ದಳು, ಹಳೇಬೀಡಿನ ಆಚೆ ಹುಲಿಕೆರೆಯಲ್ಲಿ. ಹೆಸರು ಕೆಂಚಮ್ಮ. ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟು, ಪುಟ ತೆಗೆದು ತೋರಿಸಿದೆ. ಅವಳು ಅಲ್ಲೇ ಕೂತು ಒಂದಷ್ಟು ಓದಿದಳು. ಮುಖದ ಬಿಗುವು ಇಳಿಯಿತು.

"ಅಪ್ಪ ನಾಚಿಕೆಯಿಂದ ಅಜ್ಜೀನ ಬಿಟ್ಟಿದ್ದಲ್ಲ ಮೇಡಂ, ಸಿಟ್ಟಿನಿಂದ," ಎಂದಳು. "ಊರ ಹಬ್ಬದಲ್ಲಿ ಬಿಟ್ಟಿ ಚಾಕರಿ ಮಾಡಬೇಡ, ನನ್ನ ಜೊತೆ ಬಾ ಅಂದ್ರು. ನನ್ನ ಊರಮ್ಮನ ಗುಡಿ ಕಸ ನಾನ್ ಗುಡಿಸ್ತೀನಿ, ನೀನ್ಯಾವನ್ಲಾ ಕೇಳಕ್ಕೆ ಅಂದ್ಲು ಅಜ್ಜಿ. ಅವತ್ತಿಂದ ಮಾತಿಲ್ಲ. ನಾನು ಹೋಗ್ತಾ ಇರ್ತೀನಿ. ಮಲ್ಲೇಶನೂ ಬಂದು ಅಲ್ಲಿ ಊಟ ಮಾಡಿದ್ದಾನೆ."

ಗಿರಿಜಮ್ಮ ಕೇಳಿದ್ದನ್ನು ಹೇಳಿದೆ. ಹೇಳಬೇಕಾಗಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ಅವಳು ನಗಲು ಹೋದಳು, ಆಗಲಿಲ್ಲ.

"ಸಾಯಿಸ್ತೀರಾ?"

"ಪುಸ್ತಕದಲ್ಲಿ ಸಾಯಲ್ಲ ಸುಜಾತ."

"ಪುಸ್ತಕ ಇರಲಿ ಮೇಡಂ. ನೀವು?"

ನಾನು ಪುಸ್ತಕ ಮುಚ್ಚಿ ಕಪಾಟಿಗಿಟ್ಟೆ. ಸಾಯಿಸುವ ಬಗ್ಗೆ ನಾನು ಆಗಲೇ ಯೋಚಿಸಿಬಿಟ್ಟಿದ್ದೆ. ಹೆಸರು, ಊರು, ಊಟ ಎಲ್ಲ ಬದಲಾಯಿಸಿದವಳಿಗೆ ಇನ್ನೊಂದು ಬದಲಾವಣೆ ಏನು ಮಹಾ? ಒಂದು ಸಾಲು ಹೇಳಿದರೆ ಒಂದು ಹುಡುಗಿಗೆ ಮದುವೆ. ಸಾಯುವವಳು ಕಾಗದದ ಮುದುಕಿ. ಹುಲಿಕೆರೆಯ ಮುದುಕಿಗೆ ಅದು ತಿಳಿಯುವುದೂ ಇಲ್ಲ. ಶುಕ್ರವಾರ ಆ ಸಾಲನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಯೂ ನೋಡಿದೆ. ಸಲೀಸಾಗಿ ಬಂತು.

ಶನಿವಾರ ಎಲ್ಲರೂ ಬಂದು ಕೂತಿದ್ದರು. ನಾನು ಶುರುಮಾಡುವ ಹೊತ್ತಿಗೆ ರಂಗಸ್ವಾಮಿ ಬಾಗಿಲು ತೆಗೆದ. ಸುಜಾತ. ಅವಳ ಕೈ ಹಿಡಿದು ಒಬ್ಬ ಮುದುಕಿ. ಎಲೆ ಅಡಿಕೆ ಜಗಿಯುತ್ತಾ, ಕಪಾಟುಗಳನ್ನು ನೋಡುತ್ತಾ, "ಅಯ್ಯೋ, ಇಷ್ಟನ್ನೂ ಒಬ್ಳೇ ಓದ್ಬುಟ್ಟಿದ್ದೀಯೇನವ್ವ?" ಎಂದು ನನ್ನನ್ನು ಕೇಳಿತು. ಸುಜಾತ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ, ಗಿರಿಜಮ್ಮನ ಪಕ್ಕದ ಕುರ್ಚಿಯಲ್ಲೇ ಕೂರಿಸಿದಳು.

ನಾನು ಹೇಗೆ ಶುರುಮಾಡಿದೆನೋ ತಿಳಿಯದು. ಲೀಲಾ ಅಜ್ಜಿಯನ್ನು ಕರೆಯಲು ಹೋದಳು, ಅಜ್ಜಿ ಒಲ್ಲೆ ಎಂದಳು.

"ಯಾಕೆ ಒಲ್ಲೆ ಅನ್ಬೇಕು? ಮೊಮ್ಮಗಳ ಮದ್ವೆ, ಬಸ್ಸು ಹತ್ತಿ ಬರ್ಬೇಕಪ್ಪ," ಎಂದಿತು ಕೆಂಚಮ್ಮ. ಒಬ್ಬಿಬ್ಬರು ಕಿಸಕ್ಕೆಂದು ನಕ್ಕರು.

ಗಿರಿಜಮ್ಮ ಮೆಲ್ಲಗೆ ತಿರುಗಿದರು. "ಯಾವೂರಮ್ಮ?"

"ಹುಲಿಕೆರೆ ಕಣವ್ವ. ಕೇರಿ ಕಡೆಯೋಳು, ಕೆಂಚಮ್ಮ ಅಂತ. ಇವಳು ನನ್ ಮೊಮ್ಮಗಳು. ನೀನು ಮಲ್ಲೇಶನ ಅವ್ವ ಅಲ್ವಾ? ಹುಡುಗ ಥೇಟ್ ನಿನ್ನಂಗೇ ಅವ್ನೆ. ಮುದ್ದೆ ಮಾತ್ರ ಉಣ್ಣಕ್ಕೆ ಬರಕಿಲ್ಲ, ಅಗೀತಾನೆ."

ಒಬ್ಬ ಓರಗಿತ್ತಿ ಸೆರಗು ಸರಿಮಾಡಿಕೊಂಡು ಎದ್ದು ಹೊರಟರು. ಕಥೆಯಲ್ಲಿ ಒಲ್ಲೆ ಎಂದಿದ್ದ ಅಜ್ಜಿ ಕೊನೆಗೆ ಮನಸ್ಸು ಬದಲಾಯಿಸಿ ಮದುವೆ ಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಅವಳನ್ನು ಅಲ್ಲೇ ನಿಲ್ಲಿಸಿಬಿಟ್ಟಿದ್ದೆ.

"ಯಾಕವ್ವ ನಿಲ್ಲಿಸ್ಬುಟ್ಟೆ?" ಎಂದಿತು ಕೆಂಚಮ್ಮ. "ಆ ಮುದುಕಿ ಒಳಕ್ಕೆ ಹೋದ್ಲಾ, ಇಲ್ವಾ?"

ಹೋದಳು ಎಂದೆ. ಮುಂದಿನ ಸಾಲಿನಲ್ಲಿ ಕೂತಳು ಎಂದೆ. ಪುಸ್ತಕದಲ್ಲಿ ಇದ್ದದ್ದೂ ಅದೇ.

ನನ್ನ ನೆನಪಿನಲ್ಲಿ ಗಿರಿಜಮ್ಮ ಕೊನೆಯವರೆಗೂ ಅಲುಗದೆ ಕೂತಿದ್ದಾರೆ. ದಿನಚರಿಯಲ್ಲಿ "ಗಿ. ಅರ್ಧಕ್ಕೇ ಎದ್ದು ಹೋದರು" ಎಂದಿದೆ. ಮಂಗಳವಾರ ನಡೆದದ್ದನ್ನು ನೋಡಿದರೆ ದಿನಚರಿಯೇ ಸರಿ ಇರಬೇಕು.

ಮಂಗಳವಾರ ಬೆಳಿಗ್ಗೆ, ಗಂಡಸರು ಪೇಪರ್ ಓದುತ್ತಾ ಕೂತಿದ್ದ ಹೊತ್ತಿನಲ್ಲೇ, ಗಿರಿಜಮ್ಮ ಬಾಗಿಲಿನಿಂದ ನೇರ ನನ್ನ ಮೇಜಿನ ಬಳಿಗೆ ಬಂದರು. ಆ ಹೊತ್ತಿನಲ್ಲಿ ಹೆಂಗಸರು ಒಳಗೆ ಬರುವುದಿರಲಿಲ್ಲ. ಪೇಪರುಗಳು ಒಂದೊಂದಾಗಿ ಕೆಳಗಿಳಿದವು.

"ಆ ಪುಸ್ತಕ ತೆಗೀರಿ. ಅಜ್ಜಿ ಒಳಕ್ಕೆ ಹೋಯ್ತಂತಲ್ಲ, ಅದು ಎಲ್ಲಿ ಬರೆದವ್ರೆ, ತೋರ್ಸಿ. ಸುಜಾತ ಹೇಳ್ಕೊಟ್ಟಿದ್ದು ಹೇಳಿದ್ರೋ, ಪುಸ್ತಕದ್ದು ಹೇಳಿದ್ರೋ ನಾನ್ ನೋಡ್ಬೇಕು."

ಖಾಕಿ ಹೊದಿಕೆಯ ಪುಸ್ತಕ ತೆಗೆದೆ. ಕೊನೆಯ ಅಧ್ಯಾಯದಲ್ಲಿ ಬೆರಳಿಟ್ಟು ತೋರಿಸಿದೆ. "ಇಲ್ಲಿ. ಅಬುವೆಲಾ. ಅಜ್ಜಿ ಅಂತ."

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆ ಪದದ ಮೇಲೆ ತಮ್ಮ ಬೆರಳಿಟ್ಟರು. "ಇಂಗ್ಲಿಷಲ್ಲಿ ಅಜ್ಜಿಗೆ ಗ್ರ್ಯಾಂಡ್‌ಮದರ್ ಅಲ್ವಾ? ನನ್ ಮಗಳು ಹಂಗಂತಾಳೆ."

"ಹೌದು. ಬರೆದ ಹೆಂಗಸು ಅದನ್ನ ಹಾಕಿಲ್ಲ. ಪುಸ್ತಕವೆಲ್ಲ ಇಂಗ್ಲಿಷ್, ಈ ಪದ ಮಾತ್ರ ಅವರ ಮನೆ ಭಾಷೇದು."

"ಯಾಕೆ? ಓದೋರಿಗೆ ಗೊತ್ತಾಗ್ಬೇಡ್ವಾ?"

"ಆ ಮನೆಯಲ್ಲಿ ಅಜ್ಜಿಯನ್ನ ಹಾಗೇ ಕರೀತಿದ್ರು ಅಂತ."

ಹೇಳುತ್ತಿದ್ದಂತೆ ನನ್ನ ಮಾತು ನನಗೇ ಕೇಳಿಸಿತು. ಯಾರಿಗೆ ಅರ್ಥವಾಗದಿದ್ದರೂ ಸರಿ ಎಂದು ಬರೆದವಳು ಮುಟ್ಟದೆ ಬಿಟ್ಟಿದ್ದ ಒಂದು ಪದ ಅದು; ಎಲ್ಲರಿಗೂ ಅರ್ಥವಾಗಲಿ ಎಂದು ನಾನು ಒಂದನ್ನೂ ಬಿಟ್ಟಿರಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ಇಷ್ಟು ವರ್ಷವಾದರೂ ನನಗೆ ತೀರ್ಮಾನಿಸಲಾಗಿಲ್ಲ. ನಾನು ಹಾಗೆ ಬದಲಾಯಿಸದಿದ್ದರೆ ಗಿರಿಜಮ್ಮ ಆವತ್ತು ಅಲ್ಲಿ ಬಂದು ನಿಲ್ಲುತ್ತಲೂ ಇರಲಿಲ್ಲ.

ಗಿರಿಜಮ್ಮ ಹಿಂದಿನ ಪುಟ ತಿರುಗಿಸಿದರು. ಅದೇ ಆಕಾರದ ಅಕ್ಷರಗಳನ್ನು ಹುಡುಕಿ ಬೆರಳಿಟ್ಟರು. ಇನ್ನೂ ಹಿಂದಿನ ಪುಟ. ಅಲ್ಲೂ ಇತ್ತು. ಮಧ್ಯದಲ್ಲಿ ಎಲ್ಲೋ ತೆರೆದರು. ಅಲ್ಲೂ.

"ಎಲ್ಲಾ ಕಡೆ ಬರೆದ್ಬಿಟ್ಟವ್ಳಲ್ಲ."

"ಹೌದು."

"ಹಂಗಾದ್ರೆ ಸಾಯ್ಸೋಕಾಗಲ್ಲ ಬಿಡಿ."

ಪುಸ್ತಕ ಮುಚ್ಚಿದರು. ಅವರು ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ನನ್ನನ್ನಲ್ಲ, ಮೇಜನ್ನು ನೋಡುತ್ತಾ ಕೇಳಿದರು: "ಆ ಯಮ್ಮ ಅವತ್ತು ಯಾವ ಬಣ್ಣದ ಸೀರೆ ಉಟ್ಟಿತ್ತು?"

ನನಗೆ ಹೊಳೆಯಲೇ ಇಲ್ಲ. ಎದುರಿಗೇ ಕೂತಿದ್ದಳು ಕೆಂಚಮ್ಮ, ಅಷ್ಟು ಹೊತ್ತು ಅವಳ ಕಡೆಯೇ ನೋಡಿದ್ದೆ. ಎಲೆ ಅಡಿಕೆಯ ಬಾಯಿ ಬಿಟ್ಟರೆ ಏನೂ ನೆನಪಿಗೆ ಬರಲಿಲ್ಲ. ದಿನಚರಿಯಲ್ಲೂ ಇಲ್ಲ. ಹಸಿರು ಎಂದುಬಿಡಬಹುದಿತ್ತು. ಬಾಯಿತನಕ ಬಂದಿತ್ತು.

"ಗೊತ್ತಿಲ್ಲ ಗಿರಿಜಮ್ಮ. ಅವರನ್ನೇ ಕೇಳಿ."

ಗಿರಿಜಮ್ಮ ಬಾಗಿಲ ಕಡೆ ತಿರುಗಿ, ಇಡೀ ಗ್ರಂಥಾಲಯಕ್ಕೆ ಕೇಳಿಸುವ ಹಾಗೆ ಕೂಗಿದರು:

"ಏನಪ್ಪಾ ರಂಗಸ್ವಾಮಿ, ಹಳೇಬೀಡು ಬಸ್ಸು ಎಷ್ಟೊತ್ತಿಗೈತೆ?"